ಪದಚರ್ಚೆ: ಸ್ಮೃತಿಭ್ರಂಶ, ಮರೆವು, ‘ನೆನಪು ನಿಲ್ಲದಿರುವುದು’

ಮಾನ್ಯರೇ,

ಶಿರಸಿಯ ನಮ್ಮ ಸೀಮೆಯಲ್ಲಿ ಅಡಿಕೆ ಮರದಿಂದಲೋ ಕಾಳುಮೆಣಸು ಕೊಯ್ಯುವ ಏಣಿಯಿಂದಲೋ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡವರು ಊರಿಗೊಬ್ಬರಾದರೂ ಸಿಗುತ್ತಾರೆ. ಅಂಥವರ ಮನೆಯವರಿಗಾಗಿ ಕನ್ನಡದಲ್ಲಿ ಎಂಟು ಪುಟದ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಪೆಟ್ಟಿನಿಂದಲೋ ಕಾಯಿಲೆಯಿಂದಲೋ ನೆನಪು ಕೆಡುವ ‘ಅಮ್ನೇಷಿಯಾ’ ಎಂಬುದಕ್ಕೆ ಯಾವ ಪದವನ್ನು ಬಳಸಬೇಕೆಂದು ತಿಳಿಯದೆ ಬರವಣಿಗೆ ಅಲ್ಲಿಗೇ ನಿಂತಿದೆ. ಸ್ಮೃತಿಭ್ರಂಶ, ವಿಸ್ಮೃತಿ, ಮರೆವು ಎಂಬ ಮೂರು ಪದಗಳೂ ಬಳಕೆಯಲ್ಲಿವೆ. ವಿಸ್ಮೃತಿಯನ್ನು ಓದಿದವರಲ್ಲದೆ ಬೇರೆಯವರು ಬಳಸುವುದಿಲ್ಲವಾದ್ದರಿಂದ ಉಳಿದೆರಡರ ಬಗ್ಗೆ ಮಾತ್ರ ಇಲ್ಲಿ ಕೇಳುತ್ತೇನೆ.

ಎರಡು ವರ್ಷದ ಹಿಂದೆ ನನ್ನ ಸೋದರಮಾವ ಏಣಿ ಜಾರಿ ಬಿದ್ದರು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೊಟ್ಟ ಕನ್ನಡದ ಹಾಳೆಯಲ್ಲಿ ‘ಸ್ಮೃತಿಭ್ರಂಶ’ ಎಂಬ ಪದವಿತ್ತು. ಅತ್ತೆ ಅದನ್ನು ಎರಡು ಸಲ ಓದಿ, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡು, ನನ್ನನ್ನು ಪಕ್ಕಕ್ಕೆ ಕರೆದು, ಇವರಿಗೆ ಭ್ರಾಂತು ಹಿಡಿದಿದೆಯೇ ಎಂದು ಕೇಳಿದರು. ‘ಭ್ರಂಶ’ವೆಂದರೆ ಜಾರಿ ಬೀಳುವುದು, ಅದಕ್ಕೂ ಭ್ರಾಂತಿಗೂ ಸಂಬಂಧವಿಲ್ಲವೆಂದು ಹೇಳಿದೆನಾದರೂ ಅವರ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. ‘ಸ್ಮೃತಿಭ್ರಂಶಾದ್ಬುದ್ಧಿನಾಶೋ’ ಎಂಬ ಗೀತೆಯ ಎರಡನೆಯ ಅಧ್ಯಾಯದ ಮಾತು ಅವರ ಕಿವಿಗೆ ಚಿಕ್ಕಂದಿನಿಂದ ಬಿದ್ದದ್ದು. ಸ್ಮೃತಿ ಜಾರಿದರೆ ಮುಂದಿನ ಮೆಟ್ಟಿಲು ಬುದ್ಧಿಯ ನಾಶವೆಂದು ಆ ಪದವೇ ಅವರಿಗೆ ಹೇಳಿತ್ತು.

ನೆನಪಿನ ಬಗ್ಗೆ ಎಪ್ಪತ್ತು ವರ್ಷಗಳಿಂದ ನಡೆದ ಸಂಶೋಧನೆ ತಿಳಿಸಿದ್ದು ಇದಕ್ಕೆ ತೀರ ವಿರುದ್ಧವಾದದ್ದನ್ನು. ಅಮೆರಿಕದ ಹೆನ್ರಿ ಮೊಲೈಸನ್ ಎಂಬವರಿಗೆ 1953ರಲ್ಲಿ, ಅವರ 27ನೆಯ ವಯಸ್ಸಿನಲ್ಲಿ, ಅಪಸ್ಮಾರದ ಚಿಕಿತ್ಸೆಗೆಂದು ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯರು ಮಿದುಳಿನ ಎರಡೂ ಬದಿಯಲ್ಲಿರುವ ಹಿಪೊಕ್ಯಾಂಪಸ್ ಎಂಬ ಭಾಗದ ಬಹುಪಾಲನ್ನು ತೆಗೆದುಹಾಕಿದರು. ಆಮೇಲೆ ಅವರಲ್ಲಿ ಹೊಸ ನೆನಪು ನಿಲ್ಲಲಿಲ್ಲ. ಆದರೆ ಬಾಲ್ಯದ ನೆನಪು ಉಳಿಯಿತು, ಮಾತು ಉಳಿಯಿತು, ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಅವರು ಸಾಮಾನ್ಯರಿಗಿಂತ ಹಿಂದೆ ಬೀಳಲಿಲ್ಲ. ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವರು ಸ್ಕೋವಿಲ್ ಜೊತೆ 1957ರಲ್ಲಿ ಇದನ್ನು ಪ್ರಕಟಿಸಿದಾಗ ಸ್ಮೃತಿಯೂ ಬುದ್ಧಿಯೂ ಬೇರೆಬೇರೆಯಾಗಿ ಕೆಡಬಲ್ಲವೆಂಬುದು ಸ್ಪಷ್ಟವಾಯಿತು. ಹಾಗಿರುವಾಗ ಈ ಎರಡನ್ನು ಒಂದೇ ಸರಪಳಿಯಲ್ಲಿ ಕಟ್ಟಿದ ಪದವನ್ನು ರೋಗಿಯ ಮನೆಯವರ ಕೈಗೆ ಕೊಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ‘ಮರೆವು’. ಇದು ನಮ್ಮದೇ ಪದ, ಎಲ್ಲರಿಗೂ ತಿಳಿಯುತ್ತದೆ. ಆದರೆ ವಯಸ್ಸಾದವರ ಮರೆವಿಗೆ ಅದು ಎಷ್ಟು ಒಗ್ಗಿಹೋಗಿದೆಯೆಂದರೆ, ಪೆಟ್ಟು ಬಿದ್ದ ನಲವತ್ತರ ಗಂಡಸಿಗೆ ಮರೆವು ಎಂದರೆ ‘ಅದೇನು ಬಿಡಿ, ನಮಗೂ ಇದೆ’ ಎಂಬ ಉತ್ತರ ಬರುತ್ತದೆ. ಅದಕ್ಕಿಂತ ದೊಡ್ಡ ತೊಡಕು ಅರ್ಥದ್ದು. ಒಮ್ಮೆ ನೆನಪಿನಲ್ಲಿದ್ದು ಆಮೇಲೆ ತಪ್ಪಿಹೋದದ್ದನ್ನು ಮರೆತೆವೆನ್ನುತ್ತೇವೆ. ನೆನಪಾಗಿ ನಿಲ್ಲಲೇ ಇಲ್ಲದ್ದನ್ನು ಮರೆತರು ಎನ್ನುವುದು ಕನ್ನಡದಲ್ಲಿ ಸಾಧುವೇ? ಪೆಟ್ಟಿಗೆ ಮೊದಲಿನದು ಅಳಿಸಿಹೋಗುವುದು ಒಂದು ಬಗೆ, ಪೆಟ್ಟಿನ ನಂತರದ್ದು ಕೂರದಿರುವುದು ಇನ್ನೊಂದು ಬಗೆ. ಇವೆರಡಕ್ಕೆ ‘ಹಿಮ್ಮರೆವು’, ‘ಮುಮ್ಮರೆವು’ ಎಂದು ಜೋಡಿ ಪದ ಮಾಡಬಹುದು. ಕಿವಿಗೆ ಹಿತವಾಗಿದೆ, ಹಿಂದೆ ಮುಂದೆ ಎಂಬುದನ್ನು ಕಾಲಕ್ಕೆ ಬಳಸುವ ನಮ್ಮ ರೂಢಿಗೂ ಹೊಂದುತ್ತದೆ. ಹಿಮ್ಮರೆವನ್ನು ನಾನು ಒಪ್ಪುತ್ತೇನೆ. ಮುಮ್ಮರೆವು ಮಾತ್ರ, ಮರೆವೇ ಅಲ್ಲದ್ದನ್ನು ಮರೆವೆನ್ನುತ್ತದೆ.

ಈ ವ್ಯತ್ಯಾಸವನ್ನು ನನಗಿಂತ ಚೆನ್ನಾಗಿ ಹೇಳಿದವರು ಅತ್ತೆಯೇ. ನೋಡಲು ಬಂದ ನೆಂಟರಿಗೆ ಅವರು ಹೇಳುತ್ತಿದ್ದುದು ‘ಹಳೇದೆಲ್ಲ ನೆನಪಿದ್ದು, ಹೊಸದು ತಲೇಲಿ ನಿಲ್ತಿಲ್ಲೆ’ ಎಂದು. ಕೈಪಿಡಿಯಲ್ಲಿ ‘ನೆನಪು ನಿಲ್ಲದಿರುವುದು’ ಎಂದೇ ಬರೆಯಲು ನನ್ನ ಮನಸ್ಸು ಒಲಿದಿರುವುದು ಈ ಮಾತಿನಿಂದ. ಇದು ಪದವಲ್ಲ, ಪದಪುಂಜ, ಶೀರ್ಷಿಕೆಗೆ ಉದ್ದವಾಯಿತು ಎಂಬ ಆಕ್ಷೇಪ ಬರಬಹುದು. ಆದರೆ ಮೂರಕ್ಷರದ ಅನುಕೂಲಕ್ಕಾಗಿ ಅರ್ಥವನ್ನು ಬಿಟ್ಟುಕೊಡಲು ನನಗೆ ಇಷ್ಟವಿಲ್ಲ.

ಇದಕ್ಕೆ ಅಂಟಿಕೊಂಡ ಇನ್ನೊಂದು ಪದವೂ ಬೇಕಾಗಿದೆ. ಮೊಲೈಸನ್ ಅವರು ಕನ್ನಡಿಯಲ್ಲಿ ಮಾತ್ರ ಕಾಣುವ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಆಡಿಸುವ ಕೆಲಸವನ್ನು ದಿನದಿಂದ ದಿನಕ್ಕೆ ಚೆನ್ನಾಗಿ ಮಾಡುತ್ತ ಹೋದರು, ಆದರೆ ಹಿಂದೆಂದೂ ಅದನ್ನು ಮಾಡಿದ ನೆನಪು ಅವರಿಗಿರಲಿಲ್ಲ. ನಮ್ಮ ಮಾವನೂ ಬೆರಳಿನ ವ್ಯಾಯಾಮಕ್ಕೆಂದು ಕೊಟ್ಟ ಹಲಗೆಯ ತೂತುಗಳಿಗೆ ಕಡ್ಡಿ ಸಿಕ್ಕಿಸುವುದನ್ನು ವಾರದೊಳಗೆ ಸಲೀಸಾಗಿ ಮಾಡತೊಡಗಿದರು. ದಿನವೂ ಹಲಗೆಯನ್ನು ತಿರುಗಿಸಿ ನೋಡಿ ಇದನ್ನು ಯಾರು ತಂದರೆಂದು ಕೇಳುತ್ತಿದ್ದರು. ಈ ಬಗೆಯ ನೆನಪಿಗೆ ‘ಕಾರ್ಯವಿಧಾನಾತ್ಮಕ ಸ್ಮೃತಿ’ ಎಂಬಂಥ ಭಾರದ ಪದ ಏಕೆ ಬೇಕು? ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಯ ಮೇಲೆ ಬೆರಳು ತಾನಾಗಿ ಆಡುವುದನ್ನು ಕಂಡವರು ‘ಕೈ ಪಳಗಿದೆ’ ಎನ್ನುತ್ತಾರೆ. ‘ಕೈನೆನಪು’ ಎಂದರೆ ಸಾಲದೇ?

ಪೆಟ್ಟಿನ ಹೆಸರಿನ ವಿಷಯದಲ್ಲಿ ನನಗೆ ಅಷ್ಟು ಸಂದೇಹವಿಲ್ಲ. ‘ಮಿದುಳಿನ ಆಘಾತ’ವನ್ನು ಪತ್ರಿಕೆಗಳು ಪಾರ್ಶ್ವವಾಯು ತರುವ ಸ್ಟ್ರೋಕಿಗೂ ಬಳಸುವುದರಿಂದ ಗೊಂದಲ ಖಚಿತ. ಹೊರಗೆ ಗಾಯವಿಲ್ಲದೆ, ಸ್ಕ್ಯಾನಿನಲ್ಲಿಯೂ ಏನೂ ಕಾಣದೆ, ತಲೆನೋವು ಮತ್ತು ಮಂಕು ಉಳಿಯುವ ಕನ್ಕಷನ್ನಿಗೆ ‘ಮಿದುಳಿನ ಒಳಪೆಟ್ಟು’ ಎಂದಿಟ್ಟಿದ್ದೇನೆ. ಒಳಪೆಟ್ಟು ಎಂದರೆ ಏನೆಂದು ನಮ್ಮ ಕಡೆ ಯಾರಿಗೂ ವಿವರಿಸಬೇಕಿಲ್ಲ.

ಕೊನೆಯ ಪುಟದಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳ ಬಗ್ಗೆ ಎರಡು ಪ್ಯಾರಾ ಇದೆ, ಏಕೆಂದರೆ ‘ಮಿದುಳಿನ ದೋಷ’ವೆಂಬ ಒಂದೇ ಮಾತಿನಲ್ಲಿ ಬಿದ್ದು ಪೆಟ್ಟಾದವರನ್ನೂ ಹುಟ್ಟಿನಿಂದ ಬೇರೆ ರೀತಿಯಲ್ಲಿ ಬೆಳೆಯುವ ಮಗುವನ್ನೂ ಕಟ್ಟಿಹಾಕುವುದನ್ನು ಕೇಳಿದ್ದೇನೆ. ಪಡೆದದ್ದನ್ನು ಕಳೆದುಕೊಳ್ಳುವುದು ಬೇರೆ, ಬೆಳವಣಿಗೆಯ ದಾರಿಯೇ ಬೇರೆಯಾಗಿರುವುದು ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿಯೂ ಆಟಿಸಂ ಮತ್ತು ಬೌದ್ಧಿಕ ಅಸಾಮರ್ಥ್ಯ ಎರಡೂ ಬೇರೆಬೇರೆಯಾಗಿಯೇ ಇವೆ. ಆಟಿಸಂಗೆ ಇರುವ ‘ಸ್ವಲೀನತೆ’ ಎಂಬುದು ‘ತಾನು’ ಎಂಬರ್ಥದ ಗ್ರೀಕ್ ಮೂಲಕ್ಕೆ ನಿಷ್ಠವಾದ ಪದ. ಆದರೆ ತಾಯಿಯ ಸೆರಗು ಹಿಡಿದು, ಮಿಕ್ಸಿಯ ಸದ್ದಿಗೆ ಎರಡೂ ಕಿವಿ ಮುಚ್ಚಿಕೊಂಡು ಅಳುವ ಮಗು ತನ್ನಲ್ಲಿ ತಾನು ಲೀನವಾಗಿದೆ ಎನ್ನುವುದು ನನಗೆ ಸರಿಯೆನಿಸುವುದಿಲ್ಲ. ಪೋಷಕರು ಆಡುವ ‘ಆಟಿಸಂ’ ಅನ್ನೇ ಉಳಿಸಿದ್ದೇನೆ.

ತಿಳಿದವರಲ್ಲಿ ಎರಡು ಕೋರಿಕೆ. ನಿಲ್ಲದ ನೆನಪಿಗೆ ಹಳಗನ್ನಡದಲ್ಲಿ ಅಥವಾ ಆಡುಮಾತಿನಲ್ಲಿ ಒಂದೇ ಪದ ಇದ್ದರೆ ದಯವಿಟ್ಟು ತಿಳಿಸಿ. ಕಾರವಾರ, ಅಂಕೋಲಾ, ಕುಮಟಾ ಕಡೆಯವರು, ವಿಶೇಷವಾಗಿ ಅಲ್ಲಿಯ ಹಾಲಕ್ಕಿ ಒಕ್ಕಲಿಗರ ಮಾತು ಬಲ್ಲವರು, ತಲೆಗೆ ಪೆಟ್ಟಾಗಿ ಹೊಸದು ನಿಲ್ಲದವರ ಬಗ್ಗೆ ಮನೆಯಲ್ಲಿ ಏನೆಂದು ಹೇಳುತ್ತಾರೋ ಅದನ್ನು ಹೇಳಿದಂತೆಯೇ ಬರೆದು ಕಳಿಸಿ.