ಹಳೇ ಕಟ್ಟಿಂಗ್ ವಜ್ರ ಕೊಳ್ಳುವ ಮುಂಚೆ: ರತ್ನಪರೀಕ್ಷಕಿಯನ್ನು ಕೇಳಿ

ಅಡ್ಮಿನ್: ಇವತ್ತು ಸಂಜೆ ಬೆಂಗಳೂರಿನ ರತ್ನಪರೀಕ್ಷಕಿ ಮೇಡಂ ನಮ್ಮ ಜೊತೆ ಇದ್ದಾರೆ. ವಿಷಯ ಹಳೇ ಕಟ್ಟಿಂಗ್ ವಜ್ರ: ಅಜ್ಜಿ ಕಾಲದ ಬೆಂಡೋಲೆ, ಬೇಸರಿ, ಉಂಗುರ. ಒಬ್ಬರು ಒಂದೇ ಪ್ರಶ್ನೆ ಕೇಳಿ. ಕೇಳುವ ಮುಂಚೆ ಮೇಲಿನ ಉತ್ತರಗಳನ್ನು ಓದಿ.

ತುಮಕೂರಿನಿಂದ: ನಮಸ್ತೆ ಮೇಡಂ. ನಮ್ಮತ್ತೆಯ ಓಲೆಯ ಫೋಟೋ ಹಾಕಿದ್ದೇನೆ. ಬೆಲೆ ಎಷ್ಟಾಗಬಹುದು?

ರತ್ನಪರೀಕ್ಷಕಿ: ನಮಸ್ತೆ. ಫೋಟೋ ನೋಡಿ ಬೆಲೆ ಹೇಳಲು ಆಗುವುದಿಲ್ಲ. ತೂಕ, ಬಣ್ಣ, ಒಳಗಿನ ಬಿರುಕು ಯಾವುದೂ ಇದರಲ್ಲಿ ತಿಳಿಯುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ.

ಶಿವಮೊಗ್ಗದಿಂದ: ಹಳೇ ಕಟ್ಟಿಂಗ್ ಅಂತ ನಮ್ಮಂಥವರು ಗುರುತಿಸುವುದು ಹೇಗೆ ಮೇಡಂ?

ರತ್ನಪರೀಕ್ಷಕಿ: ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ತಗೊಳ್ಳಿ. ಕಲ್ಲನ್ನು ಪಕ್ಕದಿಂದ ನೋಡಿ. ಹಳೇ ಕಲ್ಲಿನ ಮೇಲ್ಭಾಗ ಎತ್ತರ, ಮೇಲಿನ ಚಪ್ಪಟೆ ಮುಖ ಚಿಕ್ಕದು. ಆ ಮುಖಕ್ಕೆ ಟೇಬಲ್ ಅನ್ನುತ್ತಾರೆ. ಮೇಲಿನಿಂದ ನೋಡಿದರೆ ನಡುವೆ ಒಂದು ಚುಕ್ಕೆ ಕಾಣುತ್ತದೆ. ತಳದ ತುದಿಯನ್ನು ಚೂಪಾಗಿ ಬಿಡದೆ ಸವರಿರುವುದರಿಂದ ಅದು ಬರುತ್ತದೆ, ದೋಷ ಅಲ್ಲ. ಅಂಚು ಮಂಜಾಗಿರುತ್ತದೆ, ಪಾಲಿಶ್ ಇರುವುದಿಲ್ಲ. ಸುತ್ತು ಚೌಕಕ್ಕೆ ಹತ್ತಿರವಿದ್ದು ಮೂಲೆ ದುಂಡಗಿದ್ದರೆ ಓಲ್ಡ್ ಮೈನ್ ಕಟ್. ಪೂರ್ತಿ ದುಂಡಗಿದ್ದರೆ ಓಲ್ಡ್ ಯುರೋಪಿಯನ್. ತಳ ಚಪ್ಪಟೆಯಾಗಿ ಮೇಲೆ ಮಾತ್ರ ಮುಖಗಳಿದ್ದರೆ ರೋಸ್ ಕಟ್.

ಒಂದು ಮಾತು ಮರೀಬೇಡಿ. ಹಳೇ ಕಟ್ಟಿಂಗ್ ಅಂದ ಮಾತ್ರಕ್ಕೆ ಹಳೇ ಕಲ್ಲು ಅಂತಲ್ಲ. ಈಗಲೂ ಇದೇ ಮಾದರಿಯಲ್ಲಿ ಕೊರೆಯುತ್ತಾರೆ, ಲ್ಯಾಬ್‌ನಲ್ಲಿ ಬೆಳೆಸಿದ ವಜ್ರದಲ್ಲೂ ಕೊರೆಯುತ್ತಾರೆ.

ಲಂಡನ್‌ನಿಂದ: ಹ್ಯಾಟನ್ ಗಾರ್ಡನ್‌ನಲ್ಲಿ ಒಂದು ಉಂಗುರ ನೋಡಿದೆ. ಜಿಐಎ (ರತ್ನ ಪರೀಕ್ಷಿಸುವ ಅಮೆರಿಕದ ಸಂಸ್ಥೆ) ರಿಪೋರ್ಟ್ ಇದೆ, ಆದರೆ ಕಟ್ ಗ್ರೇಡ್, ಅಂದರೆ ಕೊರೆತದ ದರ್ಜೆ, ಬರೆಯುವ ಜಾಗ ಖಾಲಿ. ಅಂಗಡಿಯವರು ಓಲ್ಡ್ ಯುರೋಪಿಯನ್ ಅಂದರು. ರಿಪೋರ್ಟ್‌ನಲ್ಲಿ ‘ಸರ್ಕ್ಯುಲರ್ ಬ್ರಿಲಿಯಂಟ್’ ಅಂತಿದೆ.

ರತ್ನಪರೀಕ್ಷಕಿ: ಖಾಲಿ ಇರುವುದು ಸರಿಯೇ. ಜಿಐಎ ಕಟ್ ಗ್ರೇಡ್ ಕೊಡುವುದು ಈಗಿನ ದುಂಡು ಬ್ರಿಲಿಯಂಟ್‌ಗೆ ಮಾತ್ರ. ಹಳೇ ಕಲ್ಲಿಗೆ ನಿಮ್ಮ ಕಣ್ಣೇ ಗ್ರೇಡ್. ಹಗಲು ಬೆಳಕಿನಲ್ಲಿ ಒಮ್ಮೆ, ಮಂದ ದೀಪದಲ್ಲಿ ಒಮ್ಮೆ ನೋಡಿ. ಅಂಗಡಿಯ ಸ್ಪಾಟ್‌ಲೈಟ್ ಕೆಳಗೆ ಎಲ್ಲ ಕಲ್ಲೂ ಚೆಂದ. ಸರ್ಕ್ಯುಲರ್ ಬ್ರಿಲಿಯಂಟ್ ಅಂದರೆ ಓಲ್ಡ್ ಯುರೋಪಿಯನ್‌ನ ಅಳತೆಗಳಿಗೆ ಪೂರ್ತಿ ಒಪ್ಪಿಲ್ಲ ಅಂತ. ಟೋಲ್ಕೋವ್‌ಸ್ಕಿ ಅನ್ನುವ ಎಂಜಿನಿಯರ್ 1919ರಲ್ಲಿ ಹೊಸ ಅಳತೆ ಲೆಕ್ಕ ಹಾಕಿ ಕೊಟ್ಟ ಮೇಲೆ ಕಟ್ಟಿಂಗ್ ನಿಧಾನವಾಗಿ ಬದಲಾಯಿತು. ಆ ನಡುವಿನ ಕಾಲದ ಕಲ್ಲುಗಳು ಹೀಗೆ ಬರುತ್ತವೆ. ಕಲ್ಲು ಒಳ್ಳೆಯದೇ ಇರಬಹುದು. ಆದರೆ ಓಲ್ಡ್ ಯುರೋಪಿಯನ್ ಅಂತ ಹೆಚ್ಚು ದುಡ್ಡು ಕೊಡಬೇಡಿ.

ಮೈಸೂರಿನಿಂದ: ಅಕ್ಕ, ಗೊತ್ತಿರುವವರ ಮನೆಯ ಏಳು ಕಲ್ಲಿನ ಬೆಂಡೋಲೆ ಒಂದು ಜೊತೆ ಮಾರಾಟಕ್ಕಿದೆ. ಹಿಂಬದಿ ಪೂರ್ತಿ ಚಿನ್ನದಿಂದ ಮುಚ್ಚಿದೆ. ‘ಎಲ್ಲ ಬ್ಲೂ ಜಾಗರ್, ಹದಿನಾಲ್ಕೂ ಸೇರಿ 4 ಕ್ಯಾರೆಟ್’ ಅಂತಾರೆ. ಕಲ್ಲುಗಳೆಲ್ಲ ಒಂದೇ ಅಳತೆ, ಮೂರೂವರೆ ಮಿಲಿಮೀಟರ್ ಅಗಲ. ಲೂಪ್ ಇಟ್ಟು ತೆಗೆದ ಫೋಟೋ ಹಾಕಿದ್ದೇನೆ. ನೋಟು ಪರೀಕ್ಷಿಸುವ ನೀಲಿ ದೀಪ ಹಿಡಿದರೆ ಎಡಗಿವಿಯದ್ದರಲ್ಲಿ ಐದು ಕಲ್ಲು ನೀಲಿಯಾಗಿ ಹೊಳೆಯುತ್ತವೆ, ಎರಡು ಇಲ್ಲ. ಶುಕ್ರವಾರದೊಳಗೆ ದುಡ್ಡು ಕೊಡಬೇಕಂತೆ.

ರತ್ನಪರೀಕ್ಷಕಿ: ಇದನ್ನು ನಿಧಾನವಾಗಿ ನೋಡೋಣ. ಅವಸರ ಮಾರುವವರದ್ದು, ನಿಮ್ಮದಲ್ಲ.

ಮೊದಲು ಫೋಟೋ. ಎಡಗಿವಿಯ ಓಲೆಯಲ್ಲಿ ಆರು ಕಲ್ಲುಗಳ ನಡುವೆ ನಾನು ಹೇಳಿದ ಚುಕ್ಕೆ ಸ್ಪಷ್ಟವಾಗಿದೆ. ಸುತ್ತಲಿನ ಮುಖಗಳು ಅಗಲ, ಬೆಳಕು ದೊಡ್ಡ ದೊಡ್ಡ ತುಂಡಾಗಿ ಬರುತ್ತಿದೆ. ಒಂದೊಂದರ ಸುತ್ತೂ ಸ್ವಲ್ಪ ವಾರೆ. ಇವು ಕೈಯಲ್ಲಿ ಕೊರೆದ ಹಳೇ ಕಲ್ಲಿನ ಹಾಗೇ ಕಾಣುತ್ತವೆ, ನೋಡಿ ಖುಷಿಯಾಯಿತು. ಏಳನೆಯದು ಬೇರೆ. ಗಡಿಯಾರದಲ್ಲಿ ನಾಲ್ಕು ಗಂಟೆ ಇರುವ ಜಾಗದ್ದು. ನಡುವೆ ಚುಕ್ಕೆ ಇಲ್ಲ. ತಳದ ಮುಖಗಳು ಉದ್ದ, ಸಣ್ಣ, ಚೂಪು. ಬೆಳಕು ಪುಡಿಪುಡಿಯಾಗಿ ಚದುರುತ್ತಿದೆ. ಇದು ಈಗಿನ ಕಟ್ಟಿಂಗ್. ಅದರ ಪಕ್ಕದ ಚಿನ್ನದ ಅಂಚನ್ನೂ ನೋಡಿ. ಉಳಿದ ಕಡೆ ಅಂಚು ಸವೆದು ನುಣುಪಾಗಿದೆ, ಅಲ್ಲಿ ಮಾತ್ರ ಉಳಿ ತಾಗಿದ ಗೀರು ಇನ್ನೂ ಹೊಸದಾಗಿದೆ. ಒಂದು ಕಲ್ಲು ಬಿದ್ದುಹೋಗಿ ಬೇರೆ ಕೂರಿಸಿದ್ದಾರೆ. ಹಳೇ ಓಲೆಯಲ್ಲಿ ಇದು ಆಗುತ್ತಲೇ ಇರುತ್ತದೆ, ಅದು ಮೋಸ ಅಲ್ಲ. ಹೇಳದೇ ಇರುವುದು ಮೋಸ. ಆ ಕಲ್ಲು ಗಣಿಯ ವಜ್ರವೋ, ಲ್ಯಾಬಿನದ್ದೋ, ವಜ್ರದ ಹಾಗೇ ಕಾಣುವ ಮಾಯ್ಸನೈಟ್ ಅನ್ನುವ ಬೇರೆ ಕಲ್ಲೋ ಫೋಟೋದಲ್ಲಿ ತಿಳಿಯುವುದಿಲ್ಲ.

ನೀಲಿ ಹೊಳಪಿನ ವಿಷಯ. ಹೊಳೆಯದಿದ್ದರೆ ನಕಲಿ ಅಂತಲ್ಲ. ಗಣಿಯ ವಜ್ರಗಳಲ್ಲಿ ಸುಮಾರು ನೂರಕ್ಕೆ 25ರಿಂದ 35 ಮಾತ್ರ ಹೀಗೆ ಹೊಳೆಯುತ್ತವೆ. ಹಳೇ ಕಲ್ಲುಗಳಲ್ಲಿ ಕೆಲವು ಜಾಸ್ತಿ, ಕೆಲವು ಕಮ್ಮಿ ಹೊಳೆಯುವುದು ಸಹಜ. ಆದರೆ ‘ಎಲ್ಲ ಬ್ಲೂ ಜಾಗರ್’ ಅನ್ನುವ ಮಾತು ನಿಮ್ಮ ದೀಪದ ಕೆಳಗೇ ಬಿತ್ತು. ಜಾಗರ್ ಅನ್ನುವ ಹೆಸರು ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೇನ್ ಗಣಿಯಿಂದ ಬಂದದ್ದು. 1893ರಲ್ಲಿ ಎಕ್ಸೆಲ್ಸಿಯರ್ ಅನ್ನುವ ದೊಡ್ಡ ವಜ್ರ ಸಿಕ್ಕಿದ್ದೂ ಅಲ್ಲೇ. ನಮ್ಮ ಕಡೆ ನೀಲಿ ಹೊಳೆಯುವ ಕಲ್ಲಿಗೆಲ್ಲ ಆ ಹೆಸರಿಟ್ಟು ಬೆಲೆ ಏರಿಸುತ್ತಾರೆ. ಹೊಳಪು ನೋಡಿ ಗಣಿ ಹೇಳಲು ಯಾರಿಂದಲೂ ಆಗದು. ಗೋಲ್ಕೊಂಡ ಅಂತ ಹೇಳಿದರೂ ಇದೇ ಮಾತು.

ಇನ್ನು ತೂಕ, ನನಗೆ ಚಿಂತೆ ಇರುವುದು ಇಲ್ಲಿ. ದುಂಡು ಕಲ್ಲಿಗೆ ಒಂದು ಅಂದಾಜು ಲೆಕ್ಕ ಇದೆ. ಅಗಲವನ್ನು ಅಗಲದಿಂದ ಗುಣಿಸಿ, ಆಳದಿಂದ ಗುಣಿಸಿ, ಆಮೇಲೆ 0.0061ರಿಂದ ಗುಣಿಸಬೇಕು. ಅಗಲ 3.5. ಹಳೇ ಕಲ್ಲು ಆಳ ಜಾಸ್ತಿ ಅಂತ 2.5 ಹಿಡಿಯೋಣ. ಕಲ್ಲಿಗೆ ಸುಮಾರು 0.187 ಕ್ಯಾರೆಟ್ ಬರುತ್ತದೆ. ಹದಿನಾಲ್ಕಕ್ಕೆ 2.6. ಅವರು ಹೇಳುವ 4 ಆಗಬೇಕಾದರೆ ಒಂದೊಂದು ಕಲ್ಲೂ 3.8 ಮಿಲಿಮೀಟರ್ ಆಳ ಇರಬೇಕು, ಅಂದರೆ ಅಗಲಕ್ಕಿಂತ ಆಳವೇ ಜಾಸ್ತಿ. ಹಾಗೆ ಯಾರೂ ಕೊರೆಯುವುದಿಲ್ಲ. ಅವರಿಗೂ ಯಾರೋ ಹೇಳಿದ ಲೆಕ್ಕ ಇರಬಹುದು. ಆದರೆ ದುಡ್ಡು ಕೊಡುವವರು ನೀವು.

ಮುಚ್ಚಿದ ಕಟ್ಟಿನ ಒಳಗೆ ಬೆಳ್ಳಿ ತಗಡು ಇಟ್ಟಿರುತ್ತಾರೆ. ಕಲ್ಲು ಬೆಳ್ಳಗೆ ಕಾಣುವುದು ಅದರಿಂದಲೂ ಇರಬಹುದು. ತಳಕ್ಕೆ ಚೂರು ನೀಲಿ ಬಣ್ಣ ಸವರಿ ಹಳದಿ ಮರೆಸುವವರೂ ಇದ್ದಾರೆ. ಮೇಲೆ ವಜ್ರ, ಕೆಳಗೆ ಗಾಜು ಅಂಟಿಸಿದ್ದನ್ನೂ ನೋಡಿದ್ದೇನೆ. ಹಿಂಬದಿ ಬಿಚ್ಚದೆ ಇದ್ಯಾವುದೂ ಗೊತ್ತಾಗದು. ಬಿಚ್ಚಿಸಿ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಹುಬ್ಬಳ್ಳಿಯಿಂದ: ಇದನ್ನೂ ನೋಡಿರಿ ಮೇಡಂ, ಫಾರ್ವರ್ಡ್ ಬಂದಿದೆ: ‘ವಜ್ರವನ್ನು ಒಲೆ ಮೇಲೆ ಕಾಯಿಸಿ ತಣ್ಣೀರಿಗೆ ಹಾಕಿ. ಒಡೆಯದಿದ್ದರೆ ಅಸಲಿ. ಬಾಯಿ ಆವಿ ಬಿಟ್ಟರೆ ಮಂಜು ನಿಲ್ಲಬಾರದು. ಗಾಜು ಗೀಚಬೇಕು.’ ಮನೆಯಲ್ಲೇ ಪರೀಕ್ಷೆ ಆಯ್ತಲ್ಲ?

ರತ್ನಪರೀಕ್ಷಕಿ: ದಯವಿಟ್ಟು ಮಾಡಬೇಡಿ. ಒಳಗೆ ಬಿರುಕಿರುವ ಅಸಲಿ ವಜ್ರ ಕಾಯಿಸಿ ನೀರಿಗೆ ಹಾಕಿದರೆ ಒಡೆಯಬಹುದು. ಬಿರುಕಿಗೆ ಗಾಜು ತುಂಬಿದ ಕಲ್ಲಾದರೆ ಬಿಸಿಗೆ ಅದೂ ಕೆಡುತ್ತದೆ. ಗಾಜನ್ನು ಸ್ಫಟಿಕದ ಕಲ್ಲೂ ಗೀಚುತ್ತದೆ. ಬಾಯಿ ಆವಿ ಹೋಗುವ ವೇಗದಿಂದ ಏನೂ ಖಚಿತ ಆಗುವುದಿಲ್ಲ. ಹಳೇ ಕಲ್ಲಿನ ಅಂಚು ತೆಳು. ಗೀಚಲು ಹೋಗಿ ಅಂಚು ಹಾರಿಸಿಕೊಂಡವರು ನನ್ನ ಬಳಿ ಬರುತ್ತಲೇ ಇರುತ್ತಾರೆ.

ದಾವಣಗೆರೆಯಿಂದ: ಪೆನ್ನಿನ ಥರದ ಟೆಸ್ಟರ್ ಇಟ್ಟರೆ ಬೀಪ್ ಅನ್ನುತ್ತೆ. ಅದು ಸಾಕಲ್ವಾ?

ರತ್ನಪರೀಕ್ಷಕಿ: ಸಾಲದು. ಬರೀ ಶಾಖ ನೋಡುವ ಪೆನ್ನಿಗೆ ಮಾಯ್ಸನೈಟ್ ಕೂಡ ಬೀಪ್ ಅನ್ನುತ್ತದೆ. ಲ್ಯಾಬ್‌ನಲ್ಲಿ ಬೆಳೆಸಿದ್ದೂ ವಜ್ರವೇ, ಅದಕ್ಕೂ ಬೀಪ್. ಲೂಪ್‌ನಲ್ಲೂ ಅದು ತಿಳಿಯದು. ಲ್ಯಾಬ್ ಯಂತ್ರವೇ ಬೇಕು.

ಧಾರವಾಡದಿಂದ: ಲ್ಯಾಬಿನದ್ದೂ ವಜ್ರವೇ ಅಂದ ಮೇಲೆ ಹಳೇದಕ್ಕೆ ಯಾಕೆ ಅಷ್ಟು ದುಡ್ಡು ಸುರಿಯಬೇಕು? ಸುಮ್ನೆ ಹೊಸದು ತಗೊಳ್ಳಿ.

ಹಾಸನದಿಂದ: ಹಳೇದರ ಬೆಲೆ ನಿಮಗೆ ಗೊತ್ತಿಲ್ಲ ಅನ್ಸುತ್ತೆ. ಆ ಕೈಕೆಲಸ ಈಗ ಎಲ್ಲಿ ಸಿಗುತ್ತೆ? ಲ್ಯಾಬಿನದ್ದನ್ನು ಮಾರಲು ಹೋಗಿ ನೋಡಿ, ಯಾರು ವಾಪಸ್ ತಗೊಳ್ಳುತ್ತಾರೆ ಅಂತ.

ಧಾರವಾಡದಿಂದ: ಓಲೆ ಹಾಕ್ಕೊಳ್ಳೋದಕ್ಕೋ, ಮಾರೋದಕ್ಕೋ?

ಉಡುಪಿಯಿಂದ: ಅದಿರಲಿ. ಇನ್ನೊಬ್ಬರ ಮನೆಯ ವಜ್ರ ಹಾಕಿಕೊಳ್ಳಬಾರದು. ಒಳಗೆ ಕಪ್ಪು ಚುಕ್ಕೆ ಇದ್ದರಂತೂ ಮನೆಗೇ ಕೇಡು. ಹಿರಿಯರು ಸುಮ್ನೆ ಹೇಳಿಲ್ಲ.

ಹಾಸನದಿಂದ: ನಮ್ಮಜ್ಜಿಯ ಬೇಸರಿಯಲ್ಲಿ ಕಪ್ಪು ಚುಕ್ಕೆ ಇದೆ. ತೊಂಬತ್ತು ದಾಟಿ ಬದುಕಿದರು.

ಉಡುಪಿಯಿಂದ: ನಂಬಿಕೆಯನ್ನು ಹಗುರವಾಗಿ ಮಾತಾಡಬೇಡಿ.

ಹಾಸನದಿಂದ: ನಾನೆಲ್ಲಿ ಹಗುರ ಮಾಡಿದೆ? ಅಜ್ಜಿ ಬಗ್ಗೆ ಹೇಳಿದೆ ಅಷ್ಟೇ. ನೀವೇ ಎಲ್ಲರನ್ನೂ ಹೆದರಿಸುತ್ತಿದ್ದೀರಿ.

ಅಡ್ಮಿನ್: ಇಬ್ಬರೂ ಇಲ್ಲಿಗೆ ನಿಲ್ಲಿಸಿ.

ರತ್ನಪರೀಕ್ಷಕಿ: ನಂಬಿಕೆ ನಿಮ್ಮ ಮನೆಯ ವಿಷಯ, ನಾನು ಮಾತಾಡುವುದಿಲ್ಲ. ಆ ಕಪ್ಪು ಚುಕ್ಕೆ ಒಳಗೆ ಸಿಕ್ಕಿಕೊಂಡ ಬೇರೆ ಖನಿಜ ಇರಬಹುದು, ಗ್ರಾಫೈಟ್ ಇರಬಹುದು. ಕೊಳ್ಳುವವರು ಹೆದರಬೇಕಾದ್ದು ಅಂಚಿಗೆ ಬಂದು ಮುಟ್ಟಿದ ಬಿರುಕಿಗೆ. ಕಲ್ಲನ್ನು ಆಚೀಚೆ ಓರೆ ಮಾಡುವಾಗ ಒಳಗೆ ನೇರಳೆ, ಕಿತ್ತಳೆ ಬಣ್ಣ ಮಿಂಚಿ ಮರೆಯಾದರೆ ಬಿರುಕು ತುಂಬಿಸಿದ್ದಾರಾ ಅಂತ ಕೇಳಿ.

ದುಬೈನಿಂದ: ಊರಿಂದ ಹಳೇ ವಜ್ರದ ಸೆಟ್ ತರಬೇಕು. ಕಸ್ಟಮ್ಸ್‌ನಲ್ಲಿ ಏನು ತೋರಿಸಬೇಕು? ಇನ್ಶೂರೆನ್ಸ್ ಆಗುತ್ತಾ?

ಮಂಡ್ಯದಿಂದ: ಉಂಗುರಕ್ಕೆ ಎಚ್‌ಯುಐಡಿ ಅನ್ನುವ ಹಾಲ್‌ಮಾರ್ಕ್ ನಂಬರ್ ಇದೆ. ವಜ್ರ ಗ್ಯಾರಂಟಿ ತಾನೆ?

ರತ್ನಪರೀಕ್ಷಕಿ: ಅಲ್ಲ. ಅದು ಚಿನ್ನದ ಶುದ್ಧತೆಗೆ ಮಾತ್ರ.

ಬೆಳಗಾವಿಯಿಂದ: ನಮ್ಮ ಹಳೇ ಕಲ್ಲು ಮಂಕಾಗಿದೆ. ಹೊಸ ಕಟ್ಟಿಂಗ್ ಮಾಡಿಸಿದರೆ ಬೆಲೆ ಬರುತ್ತಾ?

ರತ್ನಪರೀಕ್ಷಕಿ: ಮೊದಲು ತೊಳೆಸಿ. ಕಟ್ಟು ತೆರೆದಿದ್ದರೆ ಬೆಚ್ಚಗಿನ ಸೋಪು ನೀರು, ಮೆತ್ತನೆ ಬ್ರಷ್ ಸಾಕು. ಮುಚ್ಚಿದ ಕಟ್ಟಾದರೆ ನೀರಿಗೆ ಹಾಕಲೇಬೇಡಿ, ಒಳಗಿನ ತಗಡು ಕಪ್ಪಾಗುತ್ತದೆ. ಮತ್ತೆ ಕೊರೆಸಿದರೆ ತೂಕ ಹೋಗುತ್ತದೆ, ಹಳೇ ಕಲ್ಲು ಹಳೇದಾಗಿ ಉಳಿಯುವುದಿಲ್ಲ. ಬೇಡ.

ಹುಬ್ಬಳ್ಳಿಯಿಂದ: ಇನ್ನೊಂದು ಫಾರ್ವರ್ಡ್ ಮೇಡಂ. ಪೇಪರ್ ಮೇಲೆ ಕಲ್ಲಿಟ್ಟು ಅಕ್ಷರ ಕಾಣದಿದ್ದರೆ…

ರತ್ನಪರೀಕ್ಷಕಿ: ಫಾರ್ವರ್ಡ್ ಸಾಕು. ತೆಳುವಾಗಿ ಕೊರೆದ ಅಸಲಿ ವಜ್ರದಲ್ಲಿ ಅಕ್ಷರ ಕಂಡೀತು. ಮುಚ್ಚಿದ ಕಟ್ಟಿನ ಕೆಳಗೆ ಪೇಪರ್ ಎಲ್ಲಿ ಇಡುತ್ತೀರಿ?

ತುಮಕೂರಿನಿಂದ: ಮೇಡಂ, ಇನ್ನೊಂದು ಫೋಟೋ ಹಾಕಿದ್ದೇನೆ, ಇದು ಕ್ಲಿಯರ್ ಆಗಿದೆ. ಅಂದಾಜಿಗಾದರೂ ರೇಟು?

ರತ್ನಪರೀಕ್ಷಕಿ: ಹೇಳಿಯಾಗಿದೆ.

ಮೈಸೂರಿನಿಂದ: ಅಕ್ಕ, ಈಗಷ್ಟೇ ಅವರಿಗೆ ಫೋನ್ ಮಾಡಿದೆ. ಒಂದು ಕಲ್ಲು ಮಾತ್ರ ಬಿಚ್ಚಲು ಒಪ್ಪಿದ್ದಾರೆ, ಅದೂ ಅವರ ಆಚಾರ್ರ ಹತ್ತಿರವೇ.

ರತ್ನಪರೀಕ್ಷಕಿ: ಯಾರ ಆಚಾರ್ರಾದರೂ ಸರಿ, ನೀವು ಎದುರಿಗೇ ಕೂತಿರಿ. ಒಂದೇ ಅಂದರೆ ನಾಲ್ಕು ಗಂಟೆ ಜಾಗದ್ದನ್ನೇ ಬಿಚ್ಚಿಸಿ, ಅವರಿಗೆ ಆರಿಸಲು ಬಿಡಬೇಡಿ. ಬೆಂಕಿ ತೋರಿಸದೆ ಚಿನ್ನದ ಅಂಚು ಎತ್ತಲಿ. ಮೊದಲೇ ಎರಡೂ ಓಲೆಯ ಫೋಟೋ ತೆಗೆದುಕೊಳ್ಳಿ. ಹೊರಬಂದ ಕಲ್ಲನ್ನು ಸ್ಪಿರಿಟ್‌ನಲ್ಲಿ ಒರೆಸಿ, ಬಿಳಿ ಕಾಗದದ ಮೇಲೆ ತಲೆಕೆಳಗಾಗಿ ಇಟ್ಟು ಬಣ್ಣ ನೋಡಿ, ಕ್ಯಾರೆಟ್ ತಕ್ಕಡಿಯಲ್ಲಿ ತೂಗಿಸಿ. ಆಮೇಲೆ ಓಲೆ ಜೊತೆಗೇ ಲ್ಯಾಬ್‌ಗೆ ಕೊಡಿ. ಅಲ್ಲಿಯೂ ಮುಚ್ಚಿದ ಕಲ್ಲುಗಳ ತೂಕ, ಬಣ್ಣ ಅಂದಾಜು ಮಾತ್ರ. ಆದ್ದರಿಂದ ಬೆಲೆಯನ್ನು 2.6ರ ಮೇಲೆ ಮಾತಾಡಿ, 4ರ ಮೇಲೆ ಅಲ್ಲ. ‘ಲ್ಯಾಬ್‌ನಲ್ಲಿ ಬೇರೆ ಬಂದರೆ ವಾಪಸ್’ ಅಂತ ಬರೆಸಿಕೊಂಡು ಸಹಿ ಹಾಕಿಸಿ. ಬರೆದುಕೊಡಲ್ಲ ಅಂದರೆ ಎದ್ದು ಬನ್ನಿ.