ಹಳೇ ಡಬ್ಬಾ ಟಿವಿಯಲ್ಲಿ ಬರೀ ಒಂದು ಬಿಳಿ ಗೆರೆ, ಧ್ವನಿ ಸರಿ ಇದೆ. ಏನಾಗಿರಬಹುದು?

ದುರ್ಗದ ಮಗಳು (ಚಿತ್ರದುರ್ಗ)

ನಮ್ಮ ಮನೆಯಲ್ಲಿ 21 ಇಂಚಿನ ಕಲರ್ ಟಿವಿ ಇದೆ. ಹಿಂದೆ ಉದ್ದಕ್ಕೆ ಉಬ್ಬಿರುವ, ಪಿಕ್ಚರ್ ಟ್ಯೂಬಿನ ಹಳೇ ಟಿವಿ. 1999ರ ವಿಶ್ವಕಪ್ ಶುರುವಾಗೋ ಮುಂಚೆ ಅಪ್ಪ ಶೇಂಗಾ ಮಾರಿದ ದುಡ್ಡಲ್ಲಿ ತಂದದ್ದು. ದ್ರಾವಿಡ್, ಗಂಗೂಲಿ ಶ್ರೀಲಂಕಾ ಮೇಲೆ 318 ರನ್ ಜೊತೆಯಾಟ ಆಡಿದ ದಿನ ಓಣಿಯವರೆಲ್ಲಾ ನಮ್ಮ ಪಡಸಾಲೆಯಲ್ಲೇ ಇದ್ದರಂತೆ. ಈಗ ಸೆಟ್ ಟಾಪ್ ಬಾಕ್ಸ್ ಹಾಕಿ ಅಪ್ಪ ಅದನ್ನೇ ನೋಡುತ್ತಾರೆ. ಮೊನ್ನೆ ರಾತ್ರಿ ಚಿತ್ರ ಫಟ್ ಅಂತ ಹೋಯಿತು. ಪರದೆ ನಡುವೆ ಅಡ್ಡಕ್ಕೆ ಒಂದೇ ಒಂದು ಗೆರೆ, ಕಣ್ಣು ಕುಕ್ಕುವಷ್ಟು ಬೆಳಕು. ಮಾತು ಮಾತ್ರ ಚೆನ್ನಾಗಿ ಕೇಳುತ್ತದೆ. ಗುಜರಿಗೆ ಹಾಕೋಣ ಅಂದರೆ ಅಪ್ಪ ಒಪ್ಪುತ್ತಿಲ್ಲ. ಅಷ್ಟು ದೊಡ್ಡ ಚಿತ್ರ ಗೆರೆ ಆಗೋದು ಹೇಗೆ? ಗೊತ್ತಿದ್ದವರು ಬಿಡಿಸಿ ಹೇಳಿ.

ರಿಪೇರಿ ಅಣ್ಣ (ದಾವಣಗೆರೆ)

ಗುಜರಿಗೆ ಹಾಕಬೇಡ ತಂಗಿ. ಗೆರೆ ಬರುತ್ತಿದೆ ಅಂದರೆ ಟ್ಯೂಬ್ ಜೀವಂತ ಇದೆ, ಹೈ ವೋಲ್ಟೇಜೂ ಬರುತ್ತಿದೆ. ಮೊದಲು ಟಿವಿ ಆಫ್ ಮಾಡಿ ಪ್ಲಗ್ ತೆಗೆ. ಹಾಗೇ ಉರಿಯಲು ಬಿಟ್ಟರೆ ಗಾಜಿನ ಒಳಗಿನ ಲೇಪ ಆ ಗೆರೆ ಇರುವಲ್ಲೇ ಸುಟ್ಟು ಹೋಗುತ್ತದೆ. ಆಮೇಲೆ ಟಿವಿ ಸರಿಯಾದರೂ ನಡುವೆ ಬರೆ ಎಳೆದ ಹಾಗೆ ಉಳಿದುಬಿಡುತ್ತದೆ.

ನಾನು ಮಂಡಿಪೇಟೆ ಹತ್ತಿರ 22 ವರ್ಷ ಇದೇ ಕೆಲಸ ಮಾಡಿದವನು. ಸಾವಧಾನವಾಗಿ ಹೇಳುತ್ತೇನೆ.

ಟ್ಯೂಬಿಗೆ ಹಿಂದೆ ಸಪೂರ ಕುತ್ತಿಗೆ ಇದೆ. ಅದರೊಳಗೆ ಸಣ್ಣ ಹೀಟರ್. ಕತ್ತಲಲ್ಲಿ ಹಿಂದಿನ ತೂತುಗಳಿಂದ ಇಣುಕಿದರೆ ಕೆಂಡದ ಹಾಗೆ ಕಾಣುತ್ತದೆ. ಅದರ ಕಾವಿಗೆ ಕ್ಯಾಥೋಡ್ ಅನ್ನೋ ಲೋಹದ ತುದಿಯಿಂದ ಎಲೆಕ್ಟ್ರಾನ್‌ಗಳು ಏಳುತ್ತವೆ, ಕಾದ ನೀರಿಂದ ಹಬೆ ಎದ್ದ ಹಾಗೆ. ಪರದೆ ಕಡೆ ಸುಮಾರು 25,000 ವೋಲ್ಟ್ ಇರುತ್ತದೆ, ಅದು ಅವನ್ನು ಜಗ್ಗುತ್ತದೆ. ಒಳಗೆ ಗಾಳಿ ಇಲ್ಲ, ಅಡ್ಡಿ ಇಲ್ಲ. ನೇರ ಹೋಗಿ ಪರದೆಗೆ ಬಡಿಯುತ್ತವೆ. ಬಡಿದ ಕಡೆ ಲೇಪ ಬೆಳಗುತ್ತದೆ. ಒಂದು ಚುಕ್ಕೆ, ಅಷ್ಟೇ.

ಈ ಚುಕ್ಕೆಯನ್ನು ಓಡಿಸೋದು ಕುತ್ತಿಗೆಗೆ ಸುತ್ತಿದ ತಾಮ್ರದ ಕಾಯಿಲ್. ಅದಕ್ಕೆ ಯೋಕ್ ಅಂತೀವಿ. ಅದರಲ್ಲಿ ಒಂದು ಜೊತೆ ಸುರುಳಿ ಚುಕ್ಕೆಯನ್ನು ಎಡದಿಂದ ಬಲಕ್ಕೆ ಎಳೆಯುತ್ತದೆ, ಸೆಕೆಂಡಿಗೆ 15,625 ಸಲ. ಇನ್ನೊಂದು ಜೊತೆ ಮೇಲಿಂದ ಕೆಳಕ್ಕೆ ಇಳಿಸುತ್ತದೆ, ಸೆಕೆಂಡಿಗೆ 50 ಸಲ. ಮೊದಲ ಸಲ ಇಳಿಯುವಾಗ ಸಾಲು ಬಿಟ್ಟು ಸಾಲು ಬರೆಯುತ್ತದೆ. ಎರಡನೇ ಸಲ ಬಿಟ್ಟ ಸಾಲು ತುಂಬುತ್ತದೆ. ಎರಡೂ ಸೇರಿ 625 ಗೆರೆ. ಅದರಲ್ಲಿ ಸುಮಾರು 575 ಚಿತ್ರಕ್ಕೆ, ಉಳಿದದ್ದು ಚುಕ್ಕೆ ವಾಪಸ್ ಮೇಲೆ ಹೋಗೋ ಹೊತ್ತು.

ನಿಮ್ಮ ಟಿವಿಯಲ್ಲಿ ಇಳಿಸೋ ಕೆಲಸ ನಿಂತಿದೆ. ಅಡ್ಡ ಓಟ ಮಾತ್ರ ನಡೆಯುತ್ತಿದೆ. ಇಡೀ ಚಿತ್ರ ಒಂದರ ಮೇಲೊಂದು ಬಿದ್ದು ಅದೇ ಗೆರೆಯಲ್ಲಿದೆ.

ನಿಜ ಹೇಳಬೇಕೆಂದರೆ ಪರದೆ ಮೇಲೆ ಯಾವತ್ತೂ ಪೂರ್ತಿ ಚಿತ್ರ ಇರೋದೇ ಇಲ್ಲ. ಚುಕ್ಕೆ ಕೆಳಗೆ ಬರೋ ಹೊತ್ತಿಗೆ ಮೇಲಿನದು ಮಾಸಿರುತ್ತದೆ. ನಿಮ್ಮ ಓಣಿಯವರು ಅವತ್ತು ನೋಡಿದ್ದು ಓಡುವ ಚುಕ್ಕೆ. ಅದನ್ನು ದ್ರಾವಿಡ್ ಮಾಡಿಕೊಂಡಿದ್ದು ಅವರ ಕಣ್ಣು. ಕೆಲಸ ಕಲಿಯುವಾಗ ಇದು ತಲೆಗೆ ಹೊಕ್ಕ ದಿನ ನಾನು ಮನೆಗೆ ಹೋಗಿ ಎಲ್ಲರಿಗೂ ಹೇಳಿದ್ದೆ.

ಆ ಇಳಿಸೋ ಸುರುಳಿಗೆ ಕರೆಂಟ್ ಕೊಡೋ ಚಿಪ್ಪಿಗೆ ವರ್ಟಿಕಲ್ ಐಸಿ ಅಂತೀವಿ. ಹೆಚ್ಚಿನಂಶ ಅದರ ಕಾಲಿನ ಬೆಸುಗೆ ಬಿಟ್ಟಿರುತ್ತದೆ. ಡ್ರೈ ಸೋಲ್ಡರ್ ಅಂತೀವಿ. ಆ ಐಸಿ ಜಾಸ್ತಿ ಕಾಯುತ್ತದೆ. ವರ್ಷಗಟ್ಟಲೆ ಕಾದು ಆರಿ, ಕಾದು ಆರಿ ಬೆಸುಗೆ ಸೀಳುತ್ತದೆ. ಇಲ್ಲವೇ ಐಸಿನೇ ಹೋಗಿರುತ್ತದೆ. ಹಳೇ ಮೆಕ್ಯಾನಿಕ್ ಸಿಕ್ಕರೆ ಅರ್ಧ ಗಂಟೆ ಕೆಲಸ.

ನೀವು ಮಾತ್ರ ಹಿಂದಿನ ಮುಚ್ಚಳ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಟ್ಯೂಬಿನಲ್ಲಿ ಕರೆಂಟ್ ನಿಂತಿರುತ್ತದೆ. ಟ್ಯೂಬಿನ ಮೇಲೆ ರಬ್ಬರ್ ಟೋಪಿ ಥರ ಕಾಣೋದು ಆನೋಡ್ ಕ್ಯಾಪ್. ಹೊಸದರಲ್ಲಿ ನಾನು ನಿಂತ ಕರೆಂಟನ್ನು ಅರ್ಥ್ ತಂತಿಗೆ ಇಳಿಸದೆ ಅದನ್ನು ಮುಟ್ಟಿದ್ದೆ. ಕೈ ಹಿಂದಕ್ಕೆ ಚಿಮ್ಮಿ ಕಬ್ಬಿಣದ ರ‍್ಯಾಕಿಗೆ ಬಡಿದು ಮೂರು ಹೊಲಿಗೆ ಬಿದ್ದವು.

ಫಿಸಿಕ್ಸ್ ಮೇಷ್ಟ್ರು (ಹೊಳಲ್ಕೆರೆ)

ತುಂಬಾ ಚೆನ್ನಾಗಿ ಹೇಳಿದಿರಿ ಅಣ್ಣ. ನನ್ನ ಕಡೆಯಿಂದ ಒಂದು ಸೇರಿಸುತ್ತೇನೆ. ಈ ಥರದ ಟ್ಯೂಬ್ ಮೊದಲು ಮಾಡಿದ್ದು ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್, 1897ರಲ್ಲಿ. ಅದೇ ವರ್ಷ ಇಂಗ್ಲೆಂಡಿನಲ್ಲಿ ಜೆ.ಜೆ. ಥಾಮ್ಸನ್ ಇಂಥದೇ ಕಿರಣಗಳನ್ನು ಬಾಗಿಸಿ ನೋಡಿ ಎಲೆಕ್ಟ್ರಾನ್ ಕಂಡುಹಿಡಿದರು. ಟಿವಿ ಸರಿಯಾದ ಮೇಲೆ ಫೋನಿನ ಸ್ಲೋ ಮೋಷನ್‌ನಲ್ಲಿ ಪರದೆ ಹಿಡಿದು ನೋಡಿ. ಬೆಳಕಿನ ಪಟ್ಟಿ ಇಳಿಯೋದು ಕಾಣುತ್ತದೆ.

ಅಣ್ಣ, ನಮ್ಮ ಟಿವಿ ಪಕ್ಕ ದೊಡ್ಡ ಸ್ಪೀಕರ್ ಇಟ್ಟಾಗ ಮೂಲೆಯಲ್ಲಿ ಹಸಿರು, ನೇರಳೆ ಮಚ್ಚೆ ಬರುತ್ತಿತ್ತು. ಅದನ್ನೂ ಹೇಳಿ.

ರಿಪೇರಿ ಅಣ್ಣ (ದಾವಣಗೆರೆ)

ಮೇಷ್ಟ್ರೇ, ಕಲರ್ ಟ್ಯೂಬಿನಲ್ಲಿ ಕೆಂಪು, ಹಸಿರು, ನೀಲಿಗೆ ಮೂರು ಕಿರಣ. ಪರದೆ ಹಿಂದೆ ಲಕ್ಷಗಟ್ಟಲೆ ತೂತಿನ ತೆಳು ಕಬ್ಬಿಣದ ಹಾಳೆ ಇದೆ, ಜರಡಿ ಥರ. ಪ್ರತಿ ಕಿರಣವೂ ತನ್ನ ಬಣ್ಣಕ್ಕೇ ಬೀಳುವ ಹಾಗೆ ಅದು ಕಾಯುತ್ತದೆ. ಸ್ಪೀಕರಿನ ಮ್ಯಾಗ್ನೆಟ್ ಕಿರಣವನ್ನೂ ಬಾಗಿಸುತ್ತದೆ, ಹಾಳೆಗೂ ಮ್ಯಾಗ್ನೆಟ್ ಹತ್ತಿಸುತ್ತದೆ. ಆಗ ಕೆಂಪಿನ ಕಿರಣ ಹೋಗಿ ಪಕ್ಕದ ಬಣ್ಣಕ್ಕೆ ಬೀಳುತ್ತದೆ. ಟಿವಿ ಹಾಕಿದ ಕೂಡಲೇ 'ಢುಂ' ಅಂತ ಸದ್ದು ಬರುತ್ತಿತ್ತಲ್ವಾ? ಅದು ಡಿಗಾಸಿಂಗ್ ಕಾಯಿಲ್, ಹಾಳೆಯ ಮ್ಯಾಗ್ನೆಟ್ ಬಿಡಿಸೋದು.

ಮತ್ತೆ ಆ ಸೆಕೆಂಡಿಗೆ 15,625 ಸಲದ ಅಡ್ಡ ಓಟ. ಅದು ಸಣ್ಣಗೆ 'ಕೀ' ಅಂತ ಕೇಳುತ್ತದೆ. ವಯಸ್ಸಲ್ಲಿ ನಾನು ಬೀದಿಯಲ್ಲಿ ಹೋಗುವಾಗಲೇ ಯಾವ ಮನೆಯಲ್ಲಿ ಟಿವಿ ಹಚ್ಚಿದ್ದಾರೆ ಅಂತ ಹೇಳುತ್ತಿದ್ದೆ. ನಲವತ್ತು ದಾಟಿದ ಮೇಲೆ ಕೇಳೋದು ನಿಂತಿತು. ಅಂಗಡಿಯಲ್ಲಿ ಹತ್ತು ಟಿವಿ ಓಡುತ್ತಿದ್ದರೂ ನನಗೆ ಸುಮ್ನೆ ಇದ್ದ ಹಾಗೆ ಅನಿಸುತ್ತಿತ್ತು. ಅದೊಂದು ಬೇಜಾರು ಇದೆ ನನಗೆ.

ದುರ್ಗದ ಮಗಳು (ಚಿತ್ರದುರ್ಗ)

ಅಣ್ಣ, ಸರಿಯಾಯಿತು! ಇಲ್ಲೇ ಒಬ್ಬ ವಯಸ್ಸಾದ ಮೆಕ್ಯಾನಿಕ್ ಮನೆಗೆ ಬಂದು ನೋಡಿದರು. ನೀವು ಹೇಳಿದ್ದೇ, ಐಸಿ ಕಾಲುಗಳ ಸುತ್ತ ಕೂದಲಿನಷ್ಟು ಬಿರುಕು. ಬೆಸುಗೆ ಹಾಕಿ ಸ್ವಿಚ್ ಒತ್ತಿದ ತಕ್ಷಣ ಗೆರೆ ಮೇಲಕ್ಕೂ ಕೆಳಕ್ಕೂ ಅರಳಿಕೊಂಡಿತು. ಅಪ್ಪ ಎದ್ದು ನಿಂತುಬಿಟ್ಟರು.

ನಿಮ್ಮ 'ಕೀ' ಸದ್ದನ್ನೂ ಪರೀಕ್ಷೆ ಮಾಡಿದೆವು. ಟಿವಿ ಧ್ವನಿ ಪೂರ್ತಿ ತೆಗೆದೆ. ಅಕ್ಕನ ಮಗನಿಗೆ ಏಳು ವರ್ಷ, ಅಡುಗೆಮನೆಯಲ್ಲಿದ್ದವನು ಅಲ್ಲಿಂದಲೇ "ಯಾವುದೋ ಕೀ ಅಂತಿದೆ" ಅಂದ. ನನಗೆ ಹತ್ತಿರ ಹೋದರೆ ಸ್ವಲ್ಪ ಕೇಳುತ್ತದೆ. ಅಪ್ಪ ಟಿವಿಗೆ ಕಿವಿ ಹಚ್ಚಿ ಬಹಳ ಹೊತ್ತು ಕೂತಿದ್ದರು. ಅವರಿಗೆ ಕೇಳಲಿಲ್ಲ.