ತಾನೇ ಹೋಲಿಕೆ ಕಟ್ಟುವ ಮಗುವಿಗೆ ನಮ್ಮ ನುಡಿಗಟ್ಟು ಏಕೆ ಹೊಳೆಯುವುದಿಲ್ಲ?

ಪ್ರಶ್ನೆ
ನನ್ನ ಮಗಳಿಗೆ ನಾಲ್ಕು ವರ್ಷ. ಮೊನ್ನೆ "ತಲೆ ತಿನ್ನಬೇಡ ಪುಟ್ಟಿ" ಎಂದೆ. ಬಾಯಿ ಅಗಲಿಸಿ ತೋರಿಸಿ, "ನಾನೇನೂ ತಿಂದಿಲ್ಲ ಅಮ್ಮ" ಎಂದಳು. ಅದೇ ಹುಡುಗಿ ಕಾಲು ಜೋಮು ಹಿಡಿದಾಗ "ಕಾಲೊಳಗೆ ಮಳೆ ಬರುತ್ತಿದೆ" ಎಂದಿದ್ದಳು. ಇಂಥ ಮಾತಾಡುವವಳಿಗೆ ನಮ್ಮ ಮಾತು ಏಕೆ ತಿಳಿಯುವುದಿಲ್ಲ?

ಉತ್ತರ 1
ಚಿಂತೆ ಬೇಡ. ನನ್ನ ಮಗನೂ ಹಾಗೆಯೇ ಇದ್ದ, ಬೆಳೆದಂತೆ ತಾನೇ ಸರಿಹೋಯಿತು.

ಉತ್ತರ 2
ಮಕ್ಕಳ ಭಾಷಾ ಕಲಿಕೆಯ ಬಗ್ಗೆ ಪಾಠ ಮಾಡುವವಳು ನಾನು. "ಸರಿಹೋಯಿತು" ಎಂಬ ಮಾತಿಗೆ ನನ್ನ ತಕರಾರಿದೆ. ಸರಿಪಡಿಸುವಂಥದ್ದು ಇಲ್ಲಿ ಏನೂ ಇಲ್ಲವಲ್ಲ! ಜೋಮಿಗೂ ಮಳೆಹನಿಗೂ ಇರುವ ಹೋಲಿಕೆ ಆ ಮಗುವಿನ ಮೈಗೇ ತಾಗಿದೆ. ತಲೆ ತಿನ್ನುವುದಕ್ಕೂ ಕಾಟ ಕೊಡುವುದಕ್ಕೂ ಇರುವ ನಂಟು ಹಾಗೆ ಕೈಗೆ ಸಿಗುವುದಿಲ್ಲ, ಬಳಕೆಯಿಂದಲೇ ಬರಬೇಕು. ದೊಡ್ಡವರಾದ ನಾವೂ ಅದನ್ನು ಬಿಡಿಸಿ ನೋಡದೆ ಇಡಿಯಾಗಿ ಕಲಿತವರೇ.

ಇಂದ್ರಿಯಗಳ ಹೋಲಿಕೆ ಎಷ್ಟು ಬೇಗ ಶುರುವಾಗುತ್ತದೆ ನೋಡಿ. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮೂರು-ನಾಲ್ಕು ತಿಂಗಳ ಕೂಸುಗಳಿಗೆ ಪರದೆಯ ಮೇಲೆ ಏರಿಳಿಯುವ ಚೆಂಡು ತೋರಿಸಿದರು. ಚೆಂಡಿನ ಜೊತೆ ಸ್ವರವೂ ಏರಿ ಇಳಿದಾಗ ಕೂಸುಗಳು ಹೆಚ್ಚು ಹೊತ್ತು ನೋಡಿದವು. ಚೆಂಡು ಏರುವಾಗ ಸ್ವರ ಇಳಿದರೆ ಅಷ್ಟು ಹೊತ್ತು ನೋಡಲಿಲ್ಲ. "ಏರುದನಿ" ಎಂದರೇನೆಂದು ತಿಳಿಯುವ ಎಷ್ಟೋ ಮೊದಲೇ! ಇದನ್ನು ಪ್ರಶ್ನಿಸಿದ ಸಂಶೋಧಕರೂ ಇದ್ದಾರೆ, ಆದರೆ 2014ರಲ್ಲಿ ಇನ್ನೊಂದು ತಂಡಕ್ಕೂ ನಾಲ್ಕು ತಿಂಗಳ ಕೂಸುಗಳಲ್ಲಿ ಇದೇ ಕಂಡಿತು.

ಮನುಷ್ಯರ ಗುಣಕ್ಕೆ ಹಚ್ಚುವ ಮಾತಿಗೆ ಮಾತ್ರ ವರ್ಷಗಳೇ ಬೇಕು. ಮನೋವಿಜ್ಞಾನಿಗಳಾದ ಸಾಲೊಮನ್ ಆಶ್ ಮತ್ತು ಹ್ಯಾರಿಯೆಟ್ ನರ್ಲೋವ್ 1960ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷಿನ "ಗಟ್ಟಿ", "ಸಿಹಿ"ಯಂಥ ಪದಗಳನ್ನು ಮೂರು-ನಾಲ್ಕು ವರ್ಷದವರು ವಸ್ತುಗಳಿಗೆ ಸರಿಯಾಗಿ ಬಳಸಿದರು. ಮನುಷ್ಯರು ಹಾಗಿರಬಹುದೆಂದರೆ ಬಹುಮಟ್ಟಿಗೆ ಒಪ್ಪಲಿಲ್ಲ. ಎರಡು ಅರ್ಥಗಳ ನಂಟನ್ನು ವಿವರಿಸಬಲ್ಲವರಾಗಿದ್ದವರು ಅವರಿಗಿಂತ ಬಹಳ ದೊಡ್ಡ ಮಕ್ಕಳು.

ಪ್ರಶ್ನೆ ಕೇಳಿದವರು
ಹಾಗಾದರೆ ಅವಳ ಮುಂದೆ ನುಡಿಗಟ್ಟು ಬಳಸಬಾರದೆ?

ಉತ್ತರ 2
ಧಾರಾಳವಾಗಿ ಬಳಸಿ. ನುಡಿಗಟ್ಟು ಬಿಡಿಯಾಗಿ ಬಂದರೆ ಮಕ್ಕಳಿಗೆ ಕಷ್ಟ. ಕಥೆಯ ನಡುವೆ ಬಂದರೆ ಸುತ್ತಲಿನ ಮಾತಿನಿಂದ ಊಹಿಸುತ್ತಾರೆ. ಅವಳು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದಾಗಲೇ "ತಲೆ ತಿನ್ನಬೇಡ" ಎನ್ನಿ, ಬೆನ್ನಿಗೇ "ಎಷ್ಟು ಸಲ ಅದನ್ನೇ ಕೇಳುತ್ತೀಯೆ" ಎಂದು ಸೇರಿಸಿ. ಪರೀಕ್ಷೆ ಮಾಡುವಂತೆ ಅರ್ಥ ಕೇಳಲು ಹೋಗಬೇಡಿ. "ಬಾಗಿಲು ಹಾಕಿ ಬಾ"ಯಂಥ ಸರಳ ಮಾತೂ ಈ ವಯಸ್ಸಿನಲ್ಲಿ ತಿಳಿಯದಿದ್ದರೆ ಮಾತ್ರ ಶ್ರವಣ ಪರೀಕ್ಷೆ ಮಾಡಿಸಿ, ವಾಕ್ ತಜ್ಞರನ್ನು ಕಾಣಬೇಕು.